ಕೌದಿಯ ಪಕ್ಕ ಮಕ್ಕಳ ಚಿತ್ರ

ಕಲಾವಿದೆ ಗಂಟು ಬಿಚ್ಚಿ ಮೊದಲ ಕೌದಿಯನ್ನು ಡ್ರಾಯಿಂಗ್ ರೂಮಿನ ನೆಲಕ್ಕೆ ಹಾಸಿದಾಗ ಮಕ್ಕಳೆಲ್ಲ ಸುತ್ತ ನಿಂತು ಬಣ್ಣ ನೋಡುತ್ತಿದ್ದರು. ಮೂರನೇ ಕ್ಲಾಸಿನ ಒಬ್ಬಳು ಮಾತ್ರ ಮಂಡಿಯೂರಿ ಕುಳಿತು, ಒಂದು ಮೂಲೆ ಹಿಡಿದು ಮಗುಚಿ ಹಿಂಬದಿ ನೋಡಿದಳು. "ಮುಟ್ಟಬೇಡ" ಅನ್ನುವುದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವರೇ ಅವಳ ಪಕ್ಕ ಕುಳಿತು, "ಅಲ್ಲೇನು ಕಾಣ್ತಿದೆ ಮಗಾ?" ಎಂದು ಕೇಳಿದರು.

"ಇಲ್ಲಿ ಬರೀ ದಾರ ಇದೆ ಅಕ್ಕ. ಮೇಲಿರೋ ಬಟ್ಟೆ ಯಾವುದೂ ಕಾಣಲ್ಲ. ಆದ್ರೂ ಯಾವ ತುಂಡು ಎಲ್ಲಿ ಮುಗೀತು ಅಂತ ಗೊತ್ತಾಗುತ್ತೆ."

ಅವರು ಆ ಕೌದಿಯನ್ನು ಪೂರ್ತಿ ಮಗುಚಿ ಹಾಸಿ, ಎಲ್ಲರನ್ನೂ ಸುತ್ತ ಕೂರಿಸಿಕೊಂಡರು. ಮೊದಲ ತರಗತಿ ಪೂರ್ತಿ ನಡೆದದ್ದು ಕೌದಿಯ ಬೆನ್ನಿನ ಮೇಲೆ.

ನಾನು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕೌದಿಯನ್ನೇ ತಮ್ಮ ಕಲೆಯಾಗಿ ಮಾಡಿಕೊಂಡ ಒಬ್ಬ ಹಿರಿಯರ ಕೆಲಸವನ್ನೂ ನಮ್ಮ ಮಕ್ಕಳ ಚಿತ್ರಗಳನ್ನೂ ಒಂದೇ ಹಾಲಿನಲ್ಲಿ ಅಕ್ಕಪಕ್ಕ ತೂಗುಹಾಕಬೇಕು ಎಂಬುದು ನನ್ನ ಬಹುದಿನದ ಆಸೆ. ಕೇಳಿದೆ, ಅವರು ಒಪ್ಪಿದರು. ಹತ್ತು ವಾರದ ಸಮಯ, ಒಂಬತ್ತು ಕೌದಿ, ಮೂರರಿಂದ ಏಳನೇ ತರಗತಿವರೆಗಿನ 64 ಮಕ್ಕಳು. ಮಕ್ಕಳು ಮೊದಲ ದಿನವೇ ಅವರನ್ನು ಅಕ್ಕ ಎಂದು ಕರೆದರು. ನನಗೂ ಅದೇ ರೂಢಿಯಾಯಿತು, ಇಲ್ಲೂ ಹಾಗೇ ಬರೆಯುತ್ತೇನೆ.

ನನ್ನ ಮೊದಲ ಯೋಜನೆಯೇ ತಪ್ಪಾಗಿತ್ತು. ಕೌದಿ ಅಂದರೆ ಚೌಕ, ತ್ರಿಕೋನ, ಪಟ್ಟಿ ಎಂದುಕೊಂಡು ಡ್ರಾಯಿಂಗ್ ಶೀಟಿನ ಮೇಲೆ ಅಂಥ ಆಕಾರಗಳನ್ನು ಎಳೆದು, "ಅಕ್ಕನ ಕೌದಿ ನೋಡಿ ಬಣ್ಣ ತುಂಬಿ" ಎಂದು ಮಕ್ಕಳಿಗೆ ಕೊಟ್ಟೆ. ಎರಡು ವಾರದಲ್ಲಿ ಹಾಳೆಗಳೆಲ್ಲ ಬಂದವು. ಚೊಕ್ಕವಾಗಿದ್ದವು. ಆದರೆ ಹೆಸರು ಮುಚ್ಚಿದರೆ ಯಾವುದು ಯಾರದು ಅಂತ ನನಗೇ ಹೇಳಲಾಗುತ್ತಿರಲಿಲ್ಲ. ಒಂದೆರಡನ್ನು ಕೌದಿಯ ಪಕ್ಕ ಇಟ್ಟು ನೋಡಿದೆ. ಮಕ್ಕಳ ಹಾಳೆ ಪೇಲವವಾಗಿ ಕಂಡಿತು. ಬೇರೆ ದಿನ ಇದೇ ಮಕ್ಕಳು ತಮ್ಮಷ್ಟಕ್ಕೆ ಬಿಡಿಸಿದ ಚಿತ್ರಗಳನ್ನು ನೋಡಿದ್ದ ನನಗೆ ಸಂಕಟವಾಯಿತು. ನಾನೇ ಅವರ ಕೈ ಕಟ್ಟಿಹಾಕಿದ್ದೆ.

ಅಕ್ಕ ಹಾಳೆಗಳನ್ನು ಒಂದೊಂದಾಗಿ ನೋಡಿದರು. "ನನಗೆ ಚೌಕ ಮೊದಲು ಬರೋದಿಲ್ಲ ಮೇಡಂ, ಅದು ಕೊನೇಲಿ ಬರೋದು. ಮೊದಲು ಬರೋದು ಬಟ್ಟೆ," ಎಂದರು. ತಮ್ಮ ಕೌದಿಯ ಒಂದು ಕಂದು ಪಟ್ಟಿಯ ಮೇಲೆ ಬೆರಳಾಡಿಸಿ, ಅದು ತಮ್ಮನ ಅಂಗಿಯ ಬೆನ್ನು ಎಂದರು. ಹೆಗಲ ಹತ್ತಿರ ಸವೆದು ಹೋಗಿತ್ತು, ಗಟ್ಟಿಯಾಗಿ ಉಳಿದದ್ದು ಅಷ್ಟೇ ಅಗಲ, ಆದ್ದರಿಂದ ಪಟ್ಟಿ ಅಷ್ಟೇ ಅಗಲ. ನಾನು ವಿನ್ಯಾಸ ಎಂದುಕೊಂಡದ್ದನ್ನು ಆ ಬಟ್ಟೆ ಎಲ್ಲಿ ಸವೆಯಿತು ಎಂಬುದು ತೀರ್ಮಾನಿಸಿತ್ತು.

ಆ ಹಾಳೆಗಳನ್ನು ಕಟ್ಟಿ ಮೇಲಿಟ್ಟು ಹೊಸದಾಗಿ ಶುರು ಮಾಡಿದೆವು. ಮಕ್ಕಳಿಗೆ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರು ಹೊಲಿದ ಕೌದಿಗಳ ಫೋಟೋ ತೋರಿಸಿದೆ. ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಊರು ಅದು. ಅಲ್ಲಿನ ಮಿಸ್ಸೂರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಆತ ದುಡಿಯುವಾಗ ತೊಡುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಮಾಡಿದಳು. ಆ ಊರಿನ ಕೌದಿಗಳು 2002ರಲ್ಲಿ ಮೊದಲು ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಗೋಡೆಯೇರಿದವು. ನಾನು ಇಷ್ಟೆಲ್ಲ ಹೇಳುತ್ತಿದ್ದರೆ ಐದನೇ ಕ್ಲಾಸಿನ ಒಬ್ಬ ಹುಡುಗ ಇನ್ನೊಂದು ಕೌದಿಯ ಫೋಟೋ ನೋಡುತ್ತಿದ್ದ. ಮಾಸಿದ ನೀಲಿ ಜೀನ್ಸ್ ಬಟ್ಟೆಯ ನಡುವೆ ಒಂದು ಕಡು ನೀಲಿ ಗುರುತಿತ್ತು. "ಮಿಸ್, ಇಲ್ಲಿ ಜೇಬಿತ್ತು. ಬಿಚ್ಚಿದಾರೆ. ಜೇಬಿನ ಅಡಿ ಬಿಸಿಲು ಬಿದ್ದಿಲ್ಲ," ಎಂದ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಮನೆಯಲ್ಲಿ ಕೇಳಿ, ಯಾರೂ ಹಾಕಿಕೊಳ್ಳದ ಒಂದು ಬಟ್ಟೆಯ ತುಂಡು ತನ್ನಿ. ಅಂಗೈಯಷ್ಟಿದ್ದರೆ ಸಾಕು" ಎಂದು ಹೇಳಿ ಕಳಿಸಿದೆವು. ಬಂದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಡ್ರಾಯಿಂಗ್ ರೂಮಿನಲ್ಲಿ ಬೇರೆಯೇ ಒಂದು ವಾಸನೆ ಇತ್ತು, ಪೆಟ್ಟಿಗೆಯಲ್ಲಿ ಬಹಳ ದಿನ ಮಡಿಸಿಟ್ಟ ಬಟ್ಟೆಯದು. ಅಪ್ಪನ ಅಂಗಿಯ ಕಾಲರ್. ಸೀರೆಯ ಅಂಚು. ಪುಟ್ಟ ಮಗುವಿನ ಟೊಪ್ಪಿಯ ಕಟ್ಟು. ಒಬ್ಬಳು ಯೂನಿಫಾರ್ಮ್ ಲಂಗದ ಕೆಳ ಅಂಚು ತಂದಿದ್ದಳು. ಅದರಲ್ಲಿ ಮೂರು ಗೆರೆ. ಅವಳು ಎತ್ತರ ಬೆಳೆದ ಹಾಗೆಲ್ಲ ಮಡಿಕೆ ಬಿಚ್ಚಿ ಉದ್ದ ಮಾಡಿದ್ದಾರೆ, ಒಂದೊಂದು ವರ್ಷಕ್ಕೆ ಒಂದೊಂದು ಗೆರೆ. ಮಡಿಕೆಯೊಳಗೆ ಅಡಗಿದ್ದ ಬಟ್ಟೆ ಹೊಸ ನೀಲಿ, ಹೊರಗಿದ್ದದ್ದು ಒಗೆದೊಗೆದು ಬೂದಿ. ಅಂಗೈಯಗಲದಲ್ಲಿ ನಾಲ್ಕು ನೀಲಿಗಳು. ಅವಳಿಗೆ ಬಣ್ಣದ ಪಾಠವನ್ನು ನಾನು ಬೇರೆ ಮಾಡಬೇಕಾಗಲಿಲ್ಲ. ಆ ನಾಲ್ಕನ್ನು ಬೆರೆಸಿ ಹಾಳೆಯ ಮೇಲೆ ತರಲು ಅವಳು ಮೂರು ತರಗತಿ ತೆಗೆದುಕೊಂಡಳು.

ಒಬ್ಬಳು ಏನೂ ತರಲಿಲ್ಲ. ಎರಡನೇ ದಿನವೂ ತರಲಿಲ್ಲ. ಪಕ್ಕಕ್ಕೆ ಕರೆದು ಕೇಳಿದೆ. "ನಮ್ಮನೇಲಿ ಯಾರೂ ಹಾಕ್ದೇ ಇರೋ ಬಟ್ಟೆ ಇಲ್ಲ ಮಿಸ್" ಎಂದಳು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟಳು, ಅಷ್ಟೆ. ಎಲ್ಲರ ಮನೆಯಲ್ಲೂ ಬೇಡವಾದ ಬಟ್ಟೆ ಇರುತ್ತದೆ ಎಂದು ನಾನು ಅಂದುಕೊಂಡದ್ದು ಎಷ್ಟು ದೊಡ್ಡ ತಪ್ಪು ಎಂದು ಆಗ ತಿಳಿಯಿತು. ಇಂಥ ಕೆಲಸಕ್ಕೆ ಕೈಹಾಕುವವರು ದಯವಿಟ್ಟು ಇದನ್ನು ಮೊದಲೇ ಯೋಚಿಸಿ. ತರಗತಿಯಲ್ಲೇ ಒಂದು ಬುಟ್ಟಿ ತುಂಡು ಬಟ್ಟೆ ಇಟ್ಟು, ಬೇಕಾದವರು ಅದರಿಂದ ಆರಿಸಿಕೊಳ್ಳಲಿ. ಅಕ್ಕ ಅವತ್ತೇ ತಮ್ಮ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದು "ಯಾರಿಗೆ ಬೇಕೋ ತಗೊಳ್ಳಿ" ಎಂದರು. ಆ ಹುಡುಗಿ ತೆಗೆದುಕೊಳ್ಳಲಿಲ್ಲ. ತಾನು ತೊಟ್ಟಿದ್ದ ಅಂಗಿಯ ತೋಳನ್ನೇ ಮೇಜಿನ ಮೇಲೆ ಚಾಚಿ, ಇನ್ನೊಂದು ಕೈಯಿಂದ ಅದನ್ನು ಬಿಡಿಸತೊಡಗಿದಳು. ತೋಳಿನ ಜೊತೆ ಒಳಗಿನ ಕೈಯೂ ಚಿತ್ರಕ್ಕೆ ಬಂತು. ಇಡೀ ಪ್ರದರ್ಶನದಲ್ಲಿ ಬಟ್ಟೆಯೊಳಗೆ ಮನುಷ್ಯರಿದ್ದ ಚಿತ್ರ ಅದೊಂದೇ.

ಚಿತ್ರಗಳ ಜೊತೆಗೆ ಹೊಲಿಗೆಯನ್ನೂ ಕಲಿಯಲಿ ಎಂದು ಅಕ್ಕ ಹಟ ಹಿಡಿದರು. ಕೌದಿಯ ಮೂರು ಪದರಗಳನ್ನು, ಅಂದರೆ ಮೇಲ್ಬಟ್ಟೆ, ನಡುವಿನ ಮೆತ್ತನೆ ಪದರ, ಅಡಿಬಟ್ಟೆಯನ್ನು, ಹಿಡಿದಿಡುವುದು ಮೇಲೆ ಕೆಳಗೆ ಹೋಗುತ್ತ ಸಾಗುವ ರನ್ನಿಂಗ್ ಹೊಲಿಗೆ. ಅದನ್ನು ಕೈಯಾರೆ ಹಾಕದೆ ಮಕ್ಕಳಿಗೆ ಕೌದಿ ಕಾಣುವುದಿಲ್ಲ ಎಂಬುದು ಅವರ ಮಾತು. ಚಿಕ್ಕವರಿಗೆ ಮೊಂಡು ತುದಿಯ ದಪ್ಪ ಸೂಜಿ. ತರಗತಿ ಶುರುವಾಗುವಾಗ ಎಣಿಸಿ ಕೊಡುವುದು, ಮುಗಿದಾಗ ಎಣಿಸಿ ತೆಗೆದುಕೊಳ್ಳುವುದು. ಒಂದು ಸೂಜಿ ಕಡಿಮೆ ಬಂದರೆ ಯಾರೂ ಏಳುವಂತಿರಲಿಲ್ಲ. ದಾರ ಬೆರಳತುದಿಯಿಂದ ಮೊಣಕೈವರೆಗೆ ಇದ್ದರೆ ಸಾಕು, ಉದ್ದವಾದಷ್ಟೂ ಸಿಕ್ಕು. ಗಂಟನ್ನು ಮೆಲ್ಲಗೆ ಎಳೆದು ಪದರಗಳ ನಡುವೆ ಅಡಗಿಸಬೇಕು. ಪುಳಕ್ ಎಂದು ಗಂಟು ಒಳಗೆ ಹೋಗುವ ಆ ಕ್ಷಣ ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ, ಕೆಲವರು ಹೊಲಿಗೆ ಹಾಕದೆ ಬರೀ ಗಂಟು ಎಳೆಯುತ್ತ ಕೂತರು.

ಎಲ್ಲರೂ ಸೇರಿ ಒಂದು ಕೌದಿ ಮಾಡಿದ್ದು ಆಮೇಲೆ. ಉತ್ತರ ಕನ್ನಡದ ಆಫ್ರಿಕಾ ಮೂಲದ ಸಿದ್ದಿ ಮಹಿಳೆಯರು ಕವಂದಿ ಎಂದು ಕರೆಯುವ ತಮ್ಮ ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬಂದು ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನಾಕಾರದ ಬಟ್ಟೆಯ ಮಡಿಕೆಗಳನ್ನಿಟ್ಟು ಹೊಲಿಯುತ್ತಾರೆ, ಅದನ್ನು ಫುಲ ಎನ್ನುತ್ತಾರೆ. ಅಕ್ಕ ಆ ಕ್ರಮವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅಂಚಿನಿಂದ ಶುರುವಾದರೆ ನಾಲ್ಕೂ ಕಡೆ ಮಕ್ಕಳು ಕೂರಬಹುದು. ಒಂದು ಬದಿಗೆ ನಾಲ್ವರಂತೆ ಹದಿನಾರು ಜನ ಒಮ್ಮೆಗೆ ಕೂತರು. ಮೊದಲ ದಿನ ಎದುರಿನವರು ದೂರ. ಹೊಲಿಗೆ ಒಳಗೆ ಸರಿದಂತೆ ಮಕ್ಕಳೂ ಒಳಗೆ ಸರಿದರು. ಕೊನೆಯ ದಿನಗಳಲ್ಲಿ ತಲೆಗೆ ತಲೆ ತಾಗುವಷ್ಟು ಹತ್ತಿರ. ಕಡೆಯ ತುಂಡಿನ ಸುತ್ತ ಇಬ್ಬರಿಗಷ್ಟೇ ಜಾಗವಿತ್ತು. ಯಾರು ಹಾಕಬೇಕು ಎಂದು ಚೀಟಿ ಎತ್ತಿದೆವು. ಸರಿಯಾಗಿ ಮಾತೇ ಆಡದ ಇಬ್ಬರ ಹೆಸರು ಬಂತು. ಅವರು ಆ ತುಂಡು ಮುಗಿಸುವವರೆಗೂ ಉಳಿದ ಮಕ್ಕಳು ಸುತ್ತ ನಿಂತು ನೋಡಿದರು.

ಕೌದಿಯ ಮೇಲೆ ಬರೆಯಬಹುದಾ ಎಂದು ಏಳನೇ ಕ್ಲಾಸಿನವರು ಕೇಳಿದಾಗ ಫೇತ್ ರಿಂಗ್‌ಗೋಲ್ಡ್ ಎಂಬ ಅಮೆರಿಕದ ಕಲಾವಿದೆಯ 'ಟಾರ್ ಬೀಚ್' ಎಂಬ ಕೌದಿ ತೋರಿಸಿದೆ. 1988ರ ಕೆಲಸ, ಈಗ ಗುಗೆನ್‌ಹೈಮ್ ಕಲಾ ಸಂಗ್ರಹಾಲಯದಲ್ಲಿದೆ. ನಡುವೆ ಬಣ್ಣದ ಚಿತ್ರ, ಸುತ್ತ ಬಟ್ಟೆಯ ತುಂಡುಗಳ ಚೌಕಟ್ಟು, ಅಂಚಿನಲ್ಲಿ ಕೈಬರಹದ ಕಥೆ. ತಾರಸಿಯ ಮೇಲೆ ಮಲಗಿದ ಪುಟ್ಟ ಹುಡುಗಿ ಸೇತುವೆಯ ಮೇಲೆ ಹಾರುತ್ತಾಳೆ. ಇದನ್ನು ಮಾಡಿದ ಕಲಾವಿದೆ ಹಲವು ವರ್ಷ ನ್ಯೂಯಾರ್ಕಿನ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವರು. ಅದನ್ನು ಮಕ್ಕಳಿಗೆ ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು, ಇರಲಿ.

ಕೊನೆಯ ಎರಡು ವಾರ ಪೂರ್ತಿ ಹಾಲಿನ ಕೆಲಸ. ಚೆನ್ನಾಗಿರುವ ಮೂವತ್ತು ಚಿತ್ರ ಆರಿಸಿ, ಉಳಿದದ್ದನ್ನು ಹೊರಗಿನ ಕಾರಿಡಾರಿನಲ್ಲಿ ಹಾಕೋಣ ಎಂಬ ಸಲಹೆ ಬಂತು. ಜಾಗ ಇಕ್ಕಟ್ಟು ಎಂಬುದು ನಿಜವೇ. ಅಕ್ಕ ಒಪ್ಪಲಿಲ್ಲ. ಒಂದು ತುಂಡು ಚೆನ್ನಾಗಿಲ್ಲ ಅಂದರೆ ಅದರ ಪಕ್ಕದ್ದು ಸರಿಯಿಲ್ಲ ಅಂತ ಅರ್ಥ, ಪಕ್ಕದ್ದನ್ನು ಬದಲಾಯಿಸಿ ನೋಡಿ ಎಂದರು. ಇಷ್ಟು ವರ್ಷ ಚಿತ್ರಗಳನ್ನು ಒಂದೊಂದಾಗಿಯೇ ನೋಡಿ ಅಂಕ ಕೊಡುತ್ತ ಬಂದಿದ್ದ ನನಗೆ ಇದು ಹೊಸ ಪಾಠ.

ಅವರು ಕೌದಿ ಜೋಡಿಸುವ ರೀತಿಯಲ್ಲೇ ಹಾಲನ್ನೂ ಜೋಡಿಸಿದೆವು. ಒಂಬತ್ತು ಕೌದಿಗಳನ್ನು ಶುಭ್ರವಾದ ಹಾಳೆಯ ಮೇಲೆ ನೆಲಕ್ಕೆ ಹಾಸಿ, ಸುತ್ತ 64 ಚಿತ್ರಗಳನ್ನು ಇಟ್ಟೆವು. ವೇದಿಕೆಯ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡುವುದು. ಕಣ್ಣು ಕಿರಿದಾದಾಗ ವಿವರ ಅಳಿಸಿ ಹೋಗಿ ಬರೀ ಬೆಳಕು, ಕತ್ತಲು ಉಳಿಯುತ್ತವೆ. ಎಲ್ಲಿ ಭಾರ ಹೆಚ್ಚಾಗಿದೆ, ಎಲ್ಲಿ ಖಾಲಿ ಎಂಬುದು ತಟ್ಟನೆ ಗೊತ್ತಾಗುತ್ತದೆ. ಇಳಿದು ಎರಡು ಚಿತ್ರ ಬದಲಾಯಿಸುವುದು, ಮತ್ತೆ ಹತ್ತುವುದು. ಮೊದಲು ನಾನು ಬಣ್ಣಕ್ಕೆ ಬಣ್ಣ ಹೊಂದಿಸುತ್ತಿದ್ದೆ, ಕೆಂಪು ಕೌದಿಗೆ ಕೆಂಪು ಚಿತ್ರ. ಹಾಗಿಟ್ಟರೆ ಎರಡೂ ಮಂಕಾಗುತ್ತವೆ. ಒಂದು ಇನ್ನೊಂದರ ಪ್ರತಿಬಿಂಬವಾಗಿ ಸುಮ್ಮನಾಗುತ್ತದೆ. ಲಂಗದ ನಾಲ್ಕು ನೀಲಿಯ ಚಿತ್ರವನ್ನು ತಮ್ಮನ ಕಂದು ಅಂಗಿಯಿದ್ದ ಕೌದಿಯ ಪಕ್ಕ ಇಟ್ಟಾಗ ಬಣ್ಣದಲ್ಲಿ ಏನೇನೂ ಹೊಂದಾಣಿಕೆ ಇರಲಿಲ್ಲ. ಆದರೆ ಕೌದಿಯ ಪಟ್ಟಿಗಳು ಯಾಕೆ ಒಂದೊಂದು ಅಗಲ ಎಂಬುದು ಆ ಚಿತ್ರ ನೋಡಿದವರಿಗೆ ತಾನಾಗಿ ತಿಳಿಯುತ್ತಿತ್ತು. ಜೋಡಿ ಅಂದರೆ ಇದು ಎಂದು ನನಗೆ ಆಗ ಹೊಳೆಯಿತು. ಪಕ್ಕದ್ದು ಇಲ್ಲದಿದ್ದರೆ ಕಾಣದೇ ಹೋಗುತ್ತಿದ್ದ ಏನನ್ನೋ ಪಕ್ಕದ್ದು ಕಾಣಿಸಬೇಕು. ಅಲ್ಲಿಂದ ಮುಂದೆ ಕೆಲಸ ಬೇಗ ಸಾಗಿತು. ಒಂದು ಕೌದಿಗೆ ಐದು ಚಿತ್ರ, ಇನ್ನೊಂದಕ್ಕೆ ಹನ್ನೊಂದು, ತೋಳಿನ ಚಿತ್ರವಿದ್ದ ಕೌದಿಗೆ ಅದೊಂದೇ.

ತೂಗುಹಾಕುವ ವಿಷಯ ತಿಳಿದುಕೊಳ್ಳಬೇಕೆನ್ನುವವರಿಗೆ ಸ್ವಲ್ಪ ವಿವರ ಹೇಳುತ್ತೇನೆ. ಕೌದಿಗೆ ಮೊಳೆ ಹೊಡೆಯಬಾರದು, ಕ್ಲಿಪ್ ಹಾಕಬಾರದು. ಅಷ್ಟೂ ಭಾರ ಒಂದೆರಡು ಜಾಗದಲ್ಲಿ ಬಿದ್ದು ಬಟ್ಟೆ ಜಗ್ಗುತ್ತದೆ. ಹಿಂಬದಿಯ ಮೇಲಂಚಿಗೆ ನಾಲ್ಕು ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದು ಅದರೊಳಗೆ ಕೋಲು ತೂರಿಸಬೇಕು. ಆಗ ಭಾರ ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ. ಹೊಲಿಗೆ ಅಡಿಬಟ್ಟೆಯನ್ನಷ್ಟೇ ಹಿಡಿಯಬೇಕು, ಮುಂದೆ ಕಾಣಬಾರದು. ಇನ್ನು ಬೆಳಕು. ಸಂಗ್ರಹಾಲಯಗಳಲ್ಲಿ ಬಟ್ಟೆಗೂ ಜಲವರ್ಣಕ್ಕೂ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕು ಎನ್ನುತ್ತಾರೆ. ಫೋನಿನಲ್ಲಿ ಅಳೆದರೆ ನಮ್ಮ ಕಿಟಕಿಯ ಪಕ್ಕ ಸಾವಿರ ದಾಟುತ್ತಿತ್ತು. ಬಣ್ಣ ಮಾಸುವುದು ಒಂದು ದಿನದ ಲೆಕ್ಕವಲ್ಲ, ಬಿದ್ದ ಬೆಳಕೆಲ್ಲ ಕೂಡುತ್ತ ಹೋಗುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ. ಕೌದಿಗಿಂತ ಮಕ್ಕಳ ಸ್ಕೆಚ್ ಪೆನ್ನಿನ ಚಿತ್ರಗಳದೇ ನನಗೆ ಹೆಚ್ಚು ಚಿಂತೆಯಾಗಿತ್ತು. ಕಿಟಕಿಗಳಿಗೆ ಪರದೆ ಹಾಕಿದೆವು, ಆ ಗೋಡೆಯನ್ನು ಖಾಲಿ ಬಿಟ್ಟೆವು.

ಎತ್ತರದ ಬಗ್ಗೆ ಚರ್ಚೆಯಾಯಿತು. ಚಿತ್ರದ ನಡುಭಾಗ ನೆಲದಿಂದ 57 ಇಂಚು ಇರಲಿ ಎಂಬುದು ಗ್ಯಾಲರಿಗಳ ರೂಢಿ. ಆ ಎತ್ತರ ದೊಡ್ಡವರ ಕಣ್ಣಿಗೆ. ಬಿಡಿಸಿದ ಮಗುವೇ ಕತ್ತೆತ್ತಿ ನೋಡಬೇಕಾದರೆ ಅದು ಯಾರ ಪ್ರದರ್ಶನ? 48 ಇಂಚಿಗೆ ಇಳಿಸಿದೆವು. ದೊಡ್ಡವರು ಸ್ವಲ್ಪ ಬಾಗಿ ನೋಡಿದರು.

ಚಿತ್ರ, ಕೌದಿಗಳ ಪಕ್ಕ ಹಾಕುವ ವಿವರದ ಚೀಟಿಗಳ ಮಾತು ಬಂದಾಗ ನನಗೆ ಹ್ಯಾರಿಯೆಟ್ ಪವರ್ಸ್ ನೆನಪಾದರು. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಆಕೆ 1880ರ ದಶಕದಲ್ಲಿ ಬೈಬಲ್ ಕಥೆಗಳನ್ನು ಹೊಲಿದ ಕೌದಿ ಇವತ್ತು ವಾಷಿಂಗ್ಟನ್ನಿನ ಸಂಗ್ರಹಾಲಯವಾದ ಸ್ಮಿತ್ಸೋನಿಯನ್‌ನಲ್ಲಿದೆ. ಅದರ ಹನ್ನೊಂದು ಚಿತ್ರಗಳ ಅರ್ಥ ನಮಗೆ ತಿಳಿದಿರುವುದು, ಕೊಂಡುಕೊಂಡಾಕೆ ಪವರ್ಸ್ ಹೇಳಿದ್ದನ್ನು ಬರೆದಿಟ್ಟುಕೊಂಡದ್ದರಿಂದ. ಹಾಗಾಗಿ ಚೀಟಿಗಳನ್ನು ನನ್ನ ಮಾತಿನಲ್ಲಿ ಬರೆಯಲಿಲ್ಲ. ಪ್ರತಿ ಮಗುವಿನ ಎದುರು ಕೂತು, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. "ಇದು ಅಜ್ಜನ ಪಂಚೆ. ತೂತು ನಾನು ಮಾಡಿದ್ದಲ್ಲ." ಅಕ್ಕನಿಂದಲೂ ಹಾಗೇ ಬರೆದುಕೊಂಡೆ. ಅಕ್ಷರದ ಗಾತ್ರ ಎಲ್ಲರಿಗೂ ಒಂದೇ. ಮಕ್ಕಳ ಹೆಸರಿನ ಮುಂದೆ 'ಬಾಲ ಕಲಾವಿದ' ಅಂತ ಸೇರಿಸೋಣ ಎಂದವರಿಗೆ ಬೇಡ ಎಂದೆ.

ಉದ್ಘಾಟನೆಯ ಹಿಂದಿನ ರಾತ್ರಿ ಅಂಟುಪಟ್ಟಿ ಕೈಕೊಟ್ಟಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹನ್ನೊಂದು ಚಿತ್ರ ನೆಲದ ಮೇಲೆ. ಗೋಡೆಯ ಸುಣ್ಣದ ಪುಡಿ ಹಿಡಿದು ಅಂಟು ಬಿಟ್ಟಿತ್ತು. ಒಂದು ಚಿತ್ರ ಅರ್ಧಕ್ಕೆ ಹರಿದಿತ್ತು. ಅದು ಜೇಬಿನ ಗುರುತು ಕಂಡುಹಿಡಿದ ಹುಡುಗನದು. ಅವನಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಅಕ್ಕ, "ಮೇಲಿಂದಲೇ ದಾರ ಹಾಕಿ ಹೊಲಿಯೋಣ, ಚೆಂದ ಕಾಣುತ್ತೆ" ಎಂದರು. ಅವನು ತಲೆಯಾಡಿಸಿದ. "ಬೇಡ ಅಕ್ಕ. ಚೆಂದ ಮಾಡಬೇಡಿ." ಬುಟ್ಟಿಯಿಂದ ಒಂದು ಬಟ್ಟೆಪಟ್ಟಿ ಆರಿಸಿ, ಹಿಂದಿನಿಂದ ಗೋಂದು ಹಚ್ಚಿ ತಾನೇ ಅಂಟಿಸಿದ. ಮುಂದೆ ಹರಿದ ಗೆರೆ ಹಾಗೇ ಉಳಿಯಿತು. ಮಿಕ್ಕ ಚಿತ್ರಗಳಿಗೆಲ್ಲ ಅಡ್ಡಕ್ಕೆ ದಾರ ಕಟ್ಟಿ ಸಣ್ಣ ಮರದ ಕ್ಲಿಪ್ ಹಾಕಿದೆವು. ಮೊದಲೇ ಹಾಗೆ ಮಾಡಬೇಕಿತ್ತು.

ಪ್ರದರ್ಶನ ನಾಲ್ಕು ದಿನ. ಕೌದಿ ಕಂಡರೆ ಕೈ ತಾನಾಗಿ ಹೋಗುತ್ತದೆ, ಬೇಡ ಎನ್ನುವುದು ಕಷ್ಟ. ಆದ್ದರಿಂದ ಮಕ್ಕಳು ಸುತ್ತ ಕೂತು ಹೊಲಿದ ಕೌದಿಯನ್ನು ಬಾಗಿಲ ಬಳಿ ಮೇಜಿನ ಮೇಲೆ ಹಾಸಿ 'ಮುಟ್ಟಿ ನೋಡಿ, ಮಗುಚಿಯೂ ನೋಡಿ' ಎಂದು ಬರೆದಿಟ್ಟೆವು. ಬಂದವರೆಲ್ಲ ಅಲ್ಲಿ ಕೈಯ ಆಸೆ ತೀರಿಸಿಕೊಂಡು ಒಳಗೆ ಹೋದರು. ನೀಲಿ ಚಿತ್ರದ ಮುಂದೆ ಆ ಹುಡುಗಿಯ ಅಮ್ಮ ನಿಂತಿದ್ದರು. ಬೆರಳನ್ನು ಗಾಳಿಯಲ್ಲೇ ಒಂದೊಂದು ಗೆರೆಯ ಮೇಲೆ ಹಿಡಿದು, "ಇದು ಮೂರನೇ ಕ್ಲಾಸು, ಇದು ನಾಲ್ಕು" ಎಂದು ಗಂಡನಿಗೆ ತೋರಿಸುತ್ತಿದ್ದರು. ಆ ಮಡಿಕೆಗಳನ್ನು ಬಿಚ್ಚಿ ಹೊಲಿದ ಕೈ ಅದು. ನಾನು ಹತ್ತಿರ ಹೋಗಲಿಲ್ಲ.

ಇಳಿಸುವ ದಿನ ಮಕ್ಕಳೇ ಬಂದರು. ಕೌದಿಯನ್ನು ಮಡಿಸಿದರೆ ಮಡಿಕೆಯಲ್ಲಿ ನೂಲು ಮುರಿಯುತ್ತದೆ. ಅದಕ್ಕೆ ಹತ್ತಿ ಬಟ್ಟೆ ಸುತ್ತಿದ ಉದ್ದ ಕೊಳವೆಗೆ, ಮುಖ ಹೊರಗೆ ಬರುವ ಹಾಗೆ ಸುರುಳಿ ಸುತ್ತಿದೆವು. ಸುಕ್ಕು ಏನಿದ್ದರೂ ಅಡಿಬಟ್ಟೆಗೆ ಹೋಗುತ್ತದೆ. ಅಕ್ಕ ತೋಳಿನ ಚಿತ್ರದ ಹುಡುಗಿಯನ್ನು ಕರೆದು, ಆ ಚಿತ್ರ ತಮಗೆ ಕೊಡುತ್ತೀಯಾ ಎಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ ಅಕ್ಕ, ಅಮ್ಮನಿಗೆ ತೋರಿಸಬೇಕು" ಎಂದಳು. ಅವಳ ಅಮ್ಮನಿಗೆ ನಾಲ್ಕೂ ದಿನ ಬಿಡುವಾಗಿರಲಿಲ್ಲ. ಹರಿಯದಂತೆ ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಕೊಟ್ಟೆ. ಗೇಟಿನವರೆಗೂ ಅದನ್ನು ಎದೆಗೆ ಅವಚಿಕೊಂಡೇ ಹೋದಳು.